ನೆಪೋಲಿಯನ್ ಸ್ವಿಟ್ಜರ್ಲೆಂಡಿಗೆ ಒಕ್ಕೂಟ ಕೊಟ್ಟನೇ, ಕಿತ್ತುಕೊಂಡನೇ?

ಓದುಗುಳಿ (ಪ್ರಶ್ನೆ):

ಒಕ್ಕೂಟ ವ್ಯವಸ್ಥೆಗಳ ಚರಿತ್ರೆ ಓದುವಾಗ ಒಂದು ಕಡೆ ಗಂಟು ಬಿದ್ದಿದೆ, ಬಿಡಿಸಿಕೊಡಿ. 1798ರಲ್ಲಿ ಫ್ರೆಂಚರು ನುಗ್ಗಿ ಸ್ವಿಟ್ಜರ್ಲೆಂಡಿನ ಹಳೇ ಒಕ್ಕೂಟವನ್ನು ಒಡೆದು ಒಂದೇ ಕೇಂದ್ರದ ಗಣರಾಜ್ಯ ಮಾಡಿದರು ಅಂತ ಒಂದು ಪುಸ್ತಕ ಹೇಳುತ್ತೆ. ಐದೇ ವರ್ಷಕ್ಕೆ, 1803ರಲ್ಲಿ, ನೆಪೋಲಿಯನ್ "ಮಧ್ಯಸ್ಥಿಕೆ ಕಾಯ್ದೆ" ಹೊರಡಿಸಿ ಆ ದೇಶಕ್ಕೆ ಒಕ್ಕೂಟ ಕೊಟ್ಟ ಅಂತ ಇನ್ನೊಂದು ಹೇಳುತ್ತೆ. ಒಡೆದವರೇ ಕಟ್ಟಿಕೊಟ್ಟರು ಅಂದರೆ ಏನರ್ಥ?

ನನಗೆ ಬೇಕಿರೋದು ಸ್ಥೂಲ ಅಭಿಪ್ರಾಯ ಅಲ್ಲ. 1798ಕ್ಕೆ ಮುಂಚೆ ಇದ್ದದ್ದಕ್ಕೂ 1803ರಲ್ಲಿ ಬಂದದ್ದಕ್ಕೂ ವ್ಯತ್ಯಾಸ ಏನು? ಮಧ್ಯದ ಐದು ವರ್ಷ ಫ್ರೆಂಚ್ ಸೇನೆ ಬೆನ್ನಿಗಿದ್ದರೂ ಆ ಕೇಂದ್ರ ಸರ್ಕಾರ ಯಾಕೆ ನಿಲ್ಲಲಿಲ್ಲ? 1803ರ ಕಾಯ್ದೆಯಲ್ಲಿ ಮತ, ಹಣ, ಸೈನ್ಯ ಇವುಗಳ ಹಂಚಿಕೆ ಹೇಗಿತ್ತು? ಅಂಕಿ ಗೊತ್ತಿದ್ದವರು ಅಂಕಿ ಸಮೇತ ಹೇಳಿ.

ಹಳೇಕಡತ:

ಗಂಟು ಬಿದ್ದಿರೋದು "ಒಕ್ಕೂಟ" ಅನ್ನುವ ಪದದಲ್ಲಿ. 1798ಕ್ಕೆ ಮುಂಚೆ ಅಲ್ಲಿದ್ದದ್ದು ನಾವು ಇವತ್ತು ಒಕ್ಕೂಟ ಎನ್ನುವಂಥದ್ದಲ್ಲ. ಬೇರೆ ಬೇರೆ ಕಾಲದಲ್ಲಿ ಆಣೆಯಿಟ್ಟು ಮಾಡಿಕೊಂಡ ಒಪ್ಪಂದಗಳ ಒಂದು ಕಂತೆ ಅದು. ಅವರ ಭಾಷೆಯ ಹೆಸರಲ್ಲೇ "ಆಣೆ" ಇದೆ.

ಅದರೊಳಗೆ ಮೂರು ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ತಮ್ಮನ್ನು ತಾವೇ ಆಳಿಕೊಳ್ಳುವ 13 ನಾಡುಗಳು, ಅಂದರೆ ಕ್ಯಾಂಟನ್‌ಗಳು: ಬರ್ನ್, ಜ್ಯೂರಿಕ್, ಲುಸರ್ನ್, ಊರಿ, ಶ್ವಿಟ್ಸ್ ಮುಂತಾದವು. ಅದರ ಕೆಳಗೆ ಜೊತೆಗಾರ ಪ್ರದೇಶಗಳು: ಜಿನೀವಾ, ವಾಲೆ, ಸಂತ ಗಾಲೆನ್ ಮಠ, ಗ್ರಾಬುಂಡೆನ್. ಎಲ್ಲಕ್ಕಿಂತ ಕೆಳಗೆ ಆಳಿಸಿಕೊಳ್ಳುವ ನಾಡುಗಳು. ವೋ ಸೀಮೆ 1536ರಿಂದ ಬರ್ನ್ ಕೈಯಲ್ಲಿತ್ತು. ಆರ್ಗಾವ್ 1415ರಿಂದ, ಟುರ್ಗಾವ್ 1460ರಿಂದ ಕ್ಯಾಂಟನ್‌ಗಳ ವಶ. ಇವತ್ತಿನ ಟಿಚೀನೋ ಆಗ ಆಲ್ಪ್ಸ್ ಆಚೆಯ ಜಹಗೀರುಗಳ ಗುಂಪು. ಅಲ್ಲಿಗೆ ಕ್ಯಾಂಟನ್‌ಗಳು ಸರದಿಯ ಮೇಲೆ ಅಧಿಕಾರಿ ಕಳಿಸುತ್ತಿದ್ದವು. "ಸ್ವತಂತ್ರ ಸ್ವಿಸ್ಸರು" ಅನ್ನುವ ಮಾತು ಈ ಕೊನೇ ಮೆಟ್ಟಿಲಿನವರ ಕಿವಿಗೆ ಹೇಗೆ ಕೇಳಿಸುತ್ತಿತ್ತು ಅಂತ ಊಹಿಸಿ.

ಕೇಂದ್ರ ಅಂತ ಇದ್ದದ್ದು ಟಾಗ್‌ಸಾಟ್ಸುಂಗ್ ಎಂಬ ಪ್ರತಿನಿಧಿ ಸಭೆ ಒಂದೇ. ಪ್ರತಿನಿಧಿಗಳು ಊರಿನಿಂದ ಸೂಚನೆ ಹಿಡಿದುಕೊಂಡು ಬರುವವರು. ಸೂಚನೆಯಲ್ಲಿ ಇಲ್ಲದ ವಿಷಯ ಬಂದರೆ "ಕೇಳಿಸಿಕೊಂಡಿದ್ದೇವೆ, ಊರಿಗೆ ಹೋಗಿ ತಿಳಿಸುತ್ತೇವೆ" ಅಂತ ಎದ್ದು ಹೋಗುವರು. ರೆಫರೆಂಡಮ್ (ಜನಮತಗಣನೆ) ಪದದ ಸ್ವಿಸ್ ಬೇರು ಇಲ್ಲೇ ಇರೋದು. ಖಜಾನೆ ಇಲ್ಲ, ಕಾಯಂ ನೌಕರರಿಲ್ಲ, ಒಂದೇ ಪೌರತ್ವ ಇಲ್ಲ.

ಈಗ 1798. ಜನವರಿಯಲ್ಲಿ ವೋ ಸೀಮೆ ಬರ್ನ್ ವಿರುದ್ಧ ಎದ್ದಿತು. ಆ ನೆಪದಲ್ಲೇ ಫ್ರೆಂಚ್ ಸೇನೆ ಒಳಗೆ ಬಂತು. ಮಾರ್ಚ್ 5ಕ್ಕೆ ಗ್ರೌಹೋಲ್ಟ್ಸ್ ಕಾಳಗದ ನಂತರ ಬರ್ನ್ ಬಿತ್ತು. ಬರ್ನಿನ ಖಜಾನೆ ಪ್ಯಾರಿಸ್‌ಗೆ ಹೋಯಿತು, ಅದರಲ್ಲೊಂದು ಪಾಲು ನೆಪೋಲಿಯನ್‌ನ ಈಜಿಪ್ಟ್ ದಂಡಯಾತ್ರೆಗೆ ಒದಗಿತು. ಬರ್ನಿನ ಲಾಂಛನವಾದ ಕರಡಿಗಳನ್ನೂ ಬಿಡಲಿಲ್ಲ, ಗೂಡಿನಲ್ಲಿದ್ದ ಜೀವಂತ ಕರಡಿಗಳನ್ನು ಹಿಡಿದು ಪ್ಯಾರಿಸ್‌ಗೆ ಸಾಗಿಸಿದರು. ಏಪ್ರಿಲ್ 12ರಂದು ಆರಾವ್ ಪಟ್ಟಣದಲ್ಲಿ "ಒಂದೇ, ಅವಿಭಾಜ್ಯ" ಹೆಲ್ವೆಟಿಕ್ ಗಣರಾಜ್ಯ ಘೋಷಣೆಯಾಯಿತು. ಸಂವಿಧಾನದ ಕರಡು ಬಾಸೆಲಿನ ಪೀಟರ್ ಓಕ್ಸ್ ಬರೆದದ್ದು, ಪ್ಯಾರಿಸಿನವರು ತಿದ್ದಿದ್ದು. ಅಂದರೆ ಪೂರಾ ಪರದೇಶಿ ಮಾಲು ಅಲ್ಲ. ಒಳಗಿನವರು ಕೇಳಿದ್ದರು, ಹೊರಗಿನವರು ಹೊಲಿದುಕೊಟ್ಟರು, ಅಳತೆ ಮಾತ್ರ ಫ್ರಾನ್ಸಿನ ಮೈಯದು.

ಐವರ ನಿರ್ದೇಶಕ ಮಂಡಳಿ. ಪ್ರತಿ ಕ್ಯಾಂಟನ್ನಿಂದ ನಾಲ್ವರಂತೆ ಸೆನೆಟ್, ಎಂಟು ಜನರಂತೆ ಮಹಾಸಭೆ. ಕ್ಯಾಂಟನ್‌ಗೆ ಒಬ್ಬ ಪ್ರಿಫೆಕ್ಟ್ (ಆಡಳಿತಾಧಿಕಾರಿ), ಜಿಲ್ಲೆಗೆ ಒಬ್ಬ ಉಪ ಪ್ರಿಫೆಕ್ಟ್, ಊರಿಗೆ ಒಬ್ಬ ಏಜೆಂಟ್. ಪ್ರಿಫೆಕ್ಟರನ್ನು ನೇಮಿಸುವುದು ಮೇಲಿನ ಐವರು. ಕ್ಯಾಂಟನ್ ಅನ್ನೋದು ನಮ್ಮ ಕಂದಾಯ ವಿಭಾಗದ ಹಾಗೆ ಬರೀ ಗೆರೆ ಆಯಿತು.

ನಿಲ್ಲದಿದ್ದದ್ದಕ್ಕೆ ಕಾರಣ ಹಲವು. ನನ್ನ ಲೆಕ್ಕದಲ್ಲಿ ಮೊದಲ ಏಟು ಹಣದ್ದು. ಹಳೇ ಆಡಳಿತಗಳು ಬದುಕಿದ್ದದ್ದು ಬೆಳೆಯಲ್ಲಿ ಹತ್ತರಲ್ಲೊಂದು ಪಾಲು, ಭೂಮಿಯ ಗೇಣಿ, ಇಂಥ ಪಾಳೆಗಾರಿ ಕಾಲದ ವಸೂಲಿಗಳ ಮೇಲೆ. ರೈತರನ್ನು ಒಲಿಸಿಕೊಳ್ಳಲು ಹೊಸ ಸರ್ಕಾರ ಅದನ್ನು ರದ್ದು ಮಾಡಿತು, ಕೆಲವನ್ನು ಹಣ ಕಟ್ಟಿ ಬಿಡಿಸಿಕೊಳ್ಳಬಹುದು ಅಂದಿತು. ಅದರ ಜಾಗಕ್ಕೆ ನೇರ ತೆರಿಗೆ ತರಬೇಕು, ಆದರೆ ಬಹುಪಾಲು ಕಡೆ ಜಮೀನಿನ ಅಳತೆ ಪುಸ್ತಕವೇ ಇಲ್ಲ. ಶಾಲಾ ಮೇಷ್ಟ್ರು, ಪಾದ್ರಿಗಳ ಸಂಬಳ ನಿಂತಿತು. 1800ರಲ್ಲಿ ರದ್ದತಿಯನ್ನೇ ತಡೆಹಿಡಿದು ಹಳೇ ವಸೂಲಿ ಮತ್ತೆ ಶುರು ಮಾಡಿದರು. ಆಗ ರೈತರೂ ಕೈಬಿಟ್ಟರು. 1802ರಲ್ಲಿ ವೋ ಸೀಮೆಯ ರೈತರು ಜಮೀನ್ದಾರರ ಮನೆಗಳಿಗೆ ನುಗ್ಗಿ ವಸೂಲಿಯ ದಾಖಲೆಗಳನ್ನೇ ಸುಟ್ಟರು. ಅವರಿಗೆ ಬಿದ್ದ ಅಡ್ಡಹೆಸರು "ಕಾಗದ ಸುಡುವವರು". ಫ್ರೆಂಚ್ ಕ್ರಾಂತಿ ಮೆಚ್ಚಿದ್ದ ಸೀಮೆ ಅದು, ಅಲ್ಲೇ ಹೀಗೆ.

ಎರಡನೆಯದು ಗಡಿ ಗೆರೆ. ಊರಿ, ಶ್ವಿಟ್ಸ್, ಉಂಟರ್‌ವಾಲ್ಡೆನ್, ಜೂಗ್ ನಾಲ್ಕನ್ನೂ ಸೇರಿಸಿ "ವಾಲ್ಡ್‌ಸ್ಟೆಟೆನ್" ಅಂತ ಒಂದೇ ಕ್ಯಾಂಟನ್ ಮಾಡಿದರು. ಪ್ರತಿ ಕ್ಯಾಂಟನ್ನಿಗೂ ಸೆನೆಟ್‌ನಲ್ಲಿ ನಾಲ್ಕು ಸ್ಥಾನ, ಹಾಗಾಗಿ ಎದುರಾಳಿ ಬೆಟ್ಟದ ಸೀಮೆಗಳಿಗೆ ಹದಿನಾರರ ಬದಲು ನಾಲ್ಕೇ ಸಿಗಲಿ ಅನ್ನುವ ಲೆಕ್ಕ. ಲೆಕ್ಕ ಸರಿಹೋಯಿತು, ಜನ ಒಪ್ಪಲಿಲ್ಲ. ಸೆಪ್ಟೆಂಬರ್ 1798ರಲ್ಲಿ ಉಂಟರ್‌ವಾಲ್ಡೆನ್ನಿನ ಒಂದು ಭಾಗವಾದ ನಿಡ್‌ವಾಲ್ಡೆನ್ ದಂಗೆ ಎದ್ದಾಗ ಫ್ರೆಂಚ್ ಸೇನೆ ನೂರಾರು ಜನರನ್ನು ಕೊಂದಿತು, ಹೆಂಗಸರು ಮಕ್ಕಳೂ ಸೇರಿ. ಆ ಅನಾಥ ಮಕ್ಕಳಿಗಾಗಿಯೇ ಸ್ಟಾನ್ಸ್‌ನಲ್ಲಿ ಶಿಕ್ಷಣತಜ್ಞ ಪೆಸ್ಟಲೋಜಿ ಆಶ್ರಮ ನಡೆಸಿದ್ದು.

ಮೂರನೆಯದು ಯಜಮಾನ ಯಾರು ಅನ್ನುವ ಪ್ರಶ್ನೆ. 1798ರ ಜೂನ್‌ನಲ್ಲೇ ಫ್ರೆಂಚ್ ಕಮಿಷನರ್ ರಾಪಿನಾ ಒತ್ತಡಕ್ಕೆ ಇಬ್ಬರು ನಿರ್ದೇಶಕರು ರಾಜೀನಾಮೆ ಕೊಡಬೇಕಾಯಿತು. ಓಕ್ಸ್ ಮತ್ತು ವೋ ಸೀಮೆಯ ಲಾ ಆರ್ಪ್ ಆ ಜಾಗಕ್ಕೆ ಬಂದರು. ಅಧಿಕಾರದ ದಾರಿ ಫ್ರೆಂಚ್ ಸೇನೆಯ ಬಿಡಾರದ ಮೂಲಕ ಹೋಗುತ್ತೆ ಅಂತ ಒಮ್ಮೆ ಗೊತ್ತಾದ ಮೇಲೆ ಎಲ್ಲರೂ ಅದೇ ದಾರಿ ಹಿಡಿದರು. 1800ರ ಜನವರಿ, ಅದೇ ವರ್ಷ ಆಗಸ್ಟ್, 1801ರ ಅಕ್ಟೋಬರ್, 1802ರ ಏಪ್ರಿಲ್: ಎರಡೂವರೆ ವರ್ಷದೊಳಗೆ ನಾಲ್ಕು ಸಲ ಸರ್ಕಾರ ಉರುಳಿತು.

ಓದುಗುಳಿ:

ಹಳೇಕಡತ ಅವರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ವಂದನೆ. 1802ರಲ್ಲಿ ಜನಮತಗಣನೆ ಆಗಿ ಸಂವಿಧಾನ ಪಾಸಾಯಿತು ಅಂತಾರಲ್ಲ? ಪಾಸಾದ ಮೇಲೂ ಮೂರೇ ತಿಂಗಳಲ್ಲಿ ಬಿದ್ದದ್ದು ಹೇಗೆ?

ಹಳೇಕಡತ:

"ಪಾಸಾಯಿತು" ಅನ್ನೋದನ್ನ ಈ ಅಂಕಿ ನೋಡಿ ಹೇಳಿ. ಪರ 72,453. ವಿರುದ್ಧ 92,423. ಮತ ಹಾಕದವರು 1,67,172. ಸುಮ್ಮನಿದ್ದವರೆಲ್ಲ ಒಪ್ಪಿದಂತೆ ಅಂತ ಮೊದಲೇ ನಿಯಮ ಮಾಡಿದ್ದರು, ಆದ್ದರಿಂದ ಪಾಸು. ವಿರೋಧಿಸಿದವರು ಮನೆ ಬಿಟ್ಟು ಹೋಗಿ ದಾಖಲಿಸಬೇಕು, ಒಪ್ಪಲು ಮನೆಯಲ್ಲಿ ಕೂತರೆ ಸಾಕು.

ಇದಾದ ಕೂಡಲೇ ನೆಪೋಲಿಯನ್ ಬೇಸಿಗೆಯಲ್ಲಿ ತನ್ನ ಸೈನ್ಯವನ್ನು ವಾಪಸ್ ಕರೆಸಿಕೊಂಡ. ಶಾಂತಿ ಒಪ್ಪಂದದ ಮಾತು ಉಳಿಸಿಕೊಂಡ ಅಂತ ತೋರಿಕೆ. ಸೈನ್ಯ ಇಲ್ಲದೆ ಈ ಸರ್ಕಾರ ಎಷ್ಟು ದಿನ ನಿಲ್ಲುತ್ತೆ ಅನ್ನೋದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆಗಸ್ಟ್ ಕೊನೆಗೆ ಬೆಟ್ಟದ ಸೀಮೆಯವರು ಎದ್ದರು. ಬಂದೂಕಿಲ್ಲದವರು ದೊಣ್ಣೆ ಹಿಡಿದು ಬಂದದ್ದರಿಂದ ಆ ಯುದ್ಧದ ಹೆಸರೇ "ದೊಣ್ಣೆ ಯುದ್ಧ". ಸೆಪ್ಟೆಂಬರ್ 18ಕ್ಕೆ ಬರ್ನ್ ಶರಣಾಯಿತು, ಸರ್ಕಾರ ಲೋಸಾನ್‌ಗೆ ಓಡಿತು. ಸೆಪ್ಟೆಂಬರ್ 30ಕ್ಕೆ ನೆಪೋಲಿಯನ್ ಘೋಷಣೆ ಬಂತು: ನಾನೇ ಮಧ್ಯಸ್ಥ, ಆಯುಧ ಕೆಳಗಿಡಿ, ಪ್ರತಿನಿಧಿಗಳನ್ನು ಪ್ಯಾರಿಸ್‌ಗೆ ಕಳಿಸಿ. ಹಿಂದೆಯೇ ನೇ (Ney) ಎಂಬ ಫ್ರೆಂಚ್ ಜನರಲ್ ಸೈನ್ಯ ತಂದ.

ಕಲಂ_12:

ಇಲ್ಲಿಂದ ಮುಂದೆ 1803ರ ಕಾಯ್ದೆಯ ಪಠ್ಯ ಹಿಡಿದು ಹೇಳುತ್ತೇನೆ.

1802ರ ಡಿಸೆಂಬರಿನಲ್ಲಿ ಅರವತ್ತಕ್ಕೂ ಹೆಚ್ಚು ಸ್ವಿಸ್ ಪ್ರತಿನಿಧಿಗಳು ಪ್ಯಾರಿಸ್ ಸೇರಿದರು. ಅವರಲ್ಲಿ ಹೆಚ್ಚಿನವರು ಏಕಕೇಂದ್ರದ ಪರ, ಉಳಿದವರು ಕ್ಯಾಂಟನ್ ಸ್ವಾಯತ್ತತೆಯ ಪರ. ಎದುರಿಗೆ ನಾಲ್ವರು ಫ್ರೆಂಚ್ ಸೆನೆಟರುಗಳು: ಬಾರ್ತೆಲೆಮಿ, ರೋಡರರ್, ಫೂಶೆ, ಡೆಮ್ಯೂನಿಯೆ. 1803ರ ಜನವರಿ 29ರಂದು ಎರಡೂ ಪಕ್ಷದಿಂದ ಐವರಂತೆ ಹತ್ತು ಜನರನ್ನು ಕೂರಿಸಿಕೊಂಡು ನೆಪೋಲಿಯನ್ನೇ ಹಲವು ಗಂಟೆ ಚರ್ಚಿಸಿದ. ಫೆಬ್ರವರಿ 19ಕ್ಕೆ ಕಾಯ್ದೆ ಕೈಗಿತ್ತ. ಪ್ರತಿನಿಧಿಗಳ ಬಹುಮತ ಬೇಡ ಅಂದದ್ದನ್ನೇ, ಅಂದರೆ ಕ್ಯಾಂಟನ್ ಸ್ವಾಯತ್ತತೆಯನ್ನೇ, ಆತ ಕೊಟ್ಟದ್ದು. ಇದನ್ನು ಗಮನದಲ್ಲಿಡಿ.

ಕಾಯ್ದೆ ಜೋಡಿಸಿದ ರೀತಿಯಲ್ಲೇ ಅದರ ಮನಸ್ಸು ಕಾಣುತ್ತೆ. ಮೊದಲು 19 ಕ್ಯಾಂಟನ್‌ಗಳಿಗೆ 19 ಸಂವಿಧಾನ, ಪ್ರತಿಯೊಂದೂ ಒಂದು ಅಧ್ಯಾಯ. ಒಕ್ಕೂಟದ ಭಾಗ ಬರೋದು ಇಪ್ಪತ್ತನೇ ಅಧ್ಯಾಯದಲ್ಲಿ, ಬರೀ 40 ಕಲಂ. ಬೆಟ್ಟದ ಹಳೇ ಕ್ಯಾಂಟನ್‌ಗಳಿಗೆ ಬಯಲಿನಲ್ಲಿ ಸೇರಿ ಕೈ ಎತ್ತುವ ಜನಸಭೆ ವಾಪಸ್. ಬರ್ನ್, ಜ್ಯೂರಿಕ್‌ನಂಥ ನಗರ ಕ್ಯಾಂಟನ್‌ಗಳಿಗೆ ಆಸ್ತಿವಂತರ ಕೈ ಮೇಲಾಗುವ ಮಹಾಸಭೆ. ಹೊಸ ಕ್ಯಾಂಟನ್ ಆರು: ಆರ್ಗಾವ್, ಟುರ್ಗಾವ್, ವೋ, ಟಿಚೀನೋ, ಸಂತ ಗಾಲೆನ್, ಗ್ರಾಬುಂಡೆನ್. ಇಲ್ಲಿ ಗ್ರಾಬುಂಡೆನ್ ಬಿಟ್ಟು ಉಳಿದವಕ್ಕೆ ಚುನಾಯಿತ ಸಭೆ. ಹಳಬರಿಗೆ ಹಳೆಯದು, ಹೊಸಬರಿಗೆ ಹೊಸದು.

ಒಕ್ಕೂಟದ ಭಾಗದಲ್ಲಿ ನೋಡಬೇಕಾದ ಕಲಂಗಳು ಹೀಗಿವೆ. 3ನೇ ಕಲಂ: ಆಳಿಸಿಕೊಳ್ಳುವ ನಾಡು ಇನ್ನಿಲ್ಲ, ಸ್ಥಳದ, ಹುಟ್ಟಿನ, ಮನೆತನದ ವಿಶೇಷ ಹಕ್ಕೂ ಇಲ್ಲ. ಇಡೀ ಕಾಯ್ದೆಯಲ್ಲಿ ನಿಜವಾದ ಕ್ರಾಂತಿ ಇದೊಂದೇ ಸಾಲು. 4: ಯಾವ ಕ್ಯಾಂಟನ್ನಿಗೆ ಬೇಕಾದರೂ ಹೋಗಿ ನೆಲೆಸಿ ಕಸುಬು ಮಾಡಬಹುದು. 5: ಒಳಗಿನ ಸುಂಕ ಇಲ್ಲ. ಆದರೆ 6ನೇ ಕಲಮಿನಲ್ಲಿ ರಸ್ತೆ, ಸೇತುವೆಯ ಟೋಲ್ ಉಳಿಸಿಕೊಳ್ಳಲು ಬಾಗಿಲು ತೆರೆದಿಟ್ಟರು, ಆ ಬಾಗಿಲಲ್ಲಿ ಹಳೇ ಸುಂಕವೇ ಹೆಸರು ಬದಲಿಸಿ ಒಳಗೆ ಬಂತು. 9: ಯಾವ ಕ್ಯಾಂಟನ್ನೂ 200ಕ್ಕಿಂತ ಹೆಚ್ಚು ಸಂಬಳದ ಸೈನಿಕರನ್ನು ಇಟ್ಟುಕೊಳ್ಳುವಂತಿಲ್ಲ. 10: ಕ್ಯಾಂಟನ್ ಕ್ಯಾಂಟನ್ ನಡುವೆ ಆಗಲಿ, ಪರದೇಶದ ಜೊತೆ ಆಗಲಿ ಪ್ರತ್ಯೇಕ ಮೈತ್ರಿ ನಿಷೇಧ. 12: ಒಕ್ಕೂಟಕ್ಕೆ ಸ್ಪಷ್ಟವಾಗಿ ಕೊಡದ ಅಧಿಕಾರವೆಲ್ಲ ಕ್ಯಾಂಟನ್‌ಗಳದ್ದು. ನಮ್ಮಲ್ಲಿ ಶೇಷಾಧಿಕಾರ ಕೇಂದ್ರಕ್ಕೆ, ಅಲ್ಲಿ ತದ್ವಿರುದ್ಧ. (ನನ್ನ ಹೆಸರು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.)

ಮತ: ಸಭೆಯಲ್ಲಿ 19 ಪ್ರತಿನಿಧಿಗಳು, ಒಟ್ಟು 25 ಮತ. ಲಕ್ಷ ಜನಸಂಖ್ಯೆ ದಾಟಿದ ಆರು ಕ್ಯಾಂಟನ್‌ಗಳಿಗೆ ಎರಡೆರಡು: ಬರ್ನ್, ಜ್ಯೂರಿಕ್, ವೋ, ಸಂತ ಗಾಲೆನ್, ಆರ್ಗಾವ್, ಗ್ರಾಬುಂಡೆನ್. ಕೊನೆಯ ಹೆಸರಲ್ಲಿ ಒಂದು ತಮಾಷೆ ಇದೆ. 1850ರ ಗಣತಿಯಲ್ಲೂ ಗ್ರಾಬುಂಡೆನ್ ಒಂದು ಲಕ್ಷ ಮುಟ್ಟಿರಲಿಲ್ಲ! ಯುದ್ಧ, ಸಂಧಿ, ಮೈತ್ರಿಗೆ ಮುಕ್ಕಾಲು ಪಾಲು ಮತ ಬೇಕು. ಅಧಿವೇಶನ ಒಂದು ತಿಂಗಳು ಮೀರುವಂತಿಲ್ಲ. ಪ್ರತಿನಿಧಿ ಸೂಚನೆ ಹಿಡಿದೇ ಬರಬೇಕು, ಅದು ಹಳೆಯದೇ.

ಸೈನ್ಯ: 15,203 ಜನ. ಹಣ: 4,90,507 ಫ್ರಾಂಕ್. ಯಾರ ಪಾಲು ಎಷ್ಟು ಅಂತ ಕಾಯ್ದೆಯೇ ಪಟ್ಟಿ ಕೊಟ್ಟಿದೆ. ಬರ್ನ್ 2,292 ಸೈನಿಕರು, 91,695 ಫ್ರಾಂಕ್. ಜ್ಯೂರಿಕ್ 1,929 ಮತ್ತು 77,153. ಗ್ರಾಬುಂಡೆನ್ 1,200 ಮತ್ತು 12,000. ಬಾಸೆಲ್ 409 ಮತ್ತು 20,450. ಊರಿ 118 ಮತ್ತು 1,184. ಹಣವನ್ನು ತಲೆಗೆ ಭಾಗಿಸಿ ನೋಡಿ. ಊರಿ, ಶ್ವಿಟ್ಸ್, ಉಂಟರ್‌ವಾಲ್ಡೆನ್, ಗ್ರಾಬುಂಡೆನ್‌ಗೆ ಸೈನಿಕನಿಗೆ ಸುಮಾರು 10 ಫ್ರಾಂಕ್. ಟಿಚೀನೋ, ಗ್ಲಾರುಸ್, ಜೂಗ್, ಅಪೆನ್ಜೆಲ್‌ಗೆ 20. ಲುಸರ್ನ್, ಫ್ರಿಬೂರ್, ಟುರ್ಗಾವ್, ಸಂತ ಗಾಲೆನ್‌ಗೆ 30. ಬರ್ನ್, ಜ್ಯೂರಿಕ್, ವೋ, ಸೊಲೊತೂರ್ನ್, ಶಾಫ್‌ಹೌಸೆನ್‌ಗೆ 40. ವ್ಯಾಪಾರದ ಊರು ಬಾಸೆಲ್‌ಗೆ ಸರಿಯಾಗಿ 50. ಆರ್ಗಾವ್ ಮಾತ್ರ ಈ ಮೆಟ್ಟಿಲಿಗೆ ಹೊಂದದೆ 43ರ ಆಸುಪಾಸು ನಿಲ್ಲುತ್ತೆ. ಆಳು ಕೊಡುವುದು ಜನಸಂಖ್ಯೆಗೆ ತಕ್ಕಂತೆ, ಹಣ ಕೊಡುವುದು ಕಿಸೆಗೆ ತಕ್ಕಂತೆ. ಹೆಲ್ವೆಟಿಕ್ ಸರ್ಕಾರ ಐದು ವರ್ಷ ಒದ್ದಾಡಿದ ತೆರಿಗೆ ಸಮಸ್ಯೆಗೆ ಸಿಕ್ಕ ಉತ್ತರ ಇದು: ತೆರಿಗೆಯನ್ನೇ ಹಾಕಬೇಡ, ಕ್ಯಾಂಟನ್‌ಗಳಿಗೆ ಚೀಟಿ ಕಳಿಸು, ಅವರು ಯಾರಿಂದ ಹೇಗೆ ವಸೂಲಿ ಮಾಡುತ್ತಾರೋ ಅವರಿಗೇ ಬಿಟ್ಟದ್ದು.

ಕಾರ್ಯಾಂಗ: ಫ್ರಿಬೂರ್, ಬರ್ನ್, ಸೊಲೊತೂರ್ನ್, ಬಾಸೆಲ್, ಜ್ಯೂರಿಕ್, ಲುಸರ್ನ್ ವರ್ಷಕ್ಕೊಂದರಂತೆ ಮುಖ್ಯ ಕ್ಯಾಂಟನ್. ಆ ಕ್ಯಾಂಟನ್ನಿನ ಮುಖ್ಯಸ್ಥನೇ ಆ ವರ್ಷ "ಸ್ವಿಟ್ಜರ್ಲೆಂಡಿನ ಲಾಂಡಮಾನ್". ಮುದ್ರೆ ಅವನ ಕೈಲಿ, ಪರದೇಶಿ ರಾಯಭಾರಿಗಳು ಬಂದು ಕಾಣುವುದು ಅವನನ್ನು. ಕಾಯಂ ಸಿಬ್ಬಂದಿ ಅಂದರೆ ಸಭೆ ಎರಡು ವರ್ಷಕ್ಕೊಮ್ಮೆ ನೇಮಿಸುವ ಒಬ್ಬ ಚಾನ್ಸಲರ್ (ಕಚೇರಿ ಮುಖ್ಯಸ್ಥ), ಒಬ್ಬ ಕಾರ್ಯದರ್ಶಿ. ಇಷ್ಟೇ ಕೇಂದ್ರ ಸರ್ಕಾರ. ಎಲ್ಲಾದರೂ ದಂಗೆಯಾದರೆ ಆ ಕ್ಯಾಂಟನ್ನಿನ ಸಭೆಯೇ ಕೇಳಬೇಕು, ಮುಖ್ಯ ಕ್ಯಾಂಟನ್ನಿನ ಸಣ್ಣ ಸಭೆಯ ಸಲಹೆ ಪಡೆಯಬೇಕು, ಆಮೇಲೇ ಲಾಂಡಮಾನ್ ಬೇರೆ ಕ್ಯಾಂಟನ್ನಿನ ಸೈನ್ಯ ಕದಲಿಸಬಹುದು. 1804ರಲ್ಲೇ ಇದರ ಪರೀಕ್ಷೆಯಾಯಿತು. ಹತ್ತರಲ್ಲೊಂದು ಪಾಲನ್ನು ಬಿಡಿಸಿಕೊಳ್ಳುವ ದರ ದುಬಾರಿಯಾಯಿತು ಅಂತ ಜ್ಯೂರಿಕ್ ಕೆರೆದಂಡೆಯ ರೈತರು ಎದ್ದರು. ಜ್ಯೂರಿಕ್ ಕೇಳಿತು, ಬೇರೆ ಕ್ಯಾಂಟನ್‌ಗಳ ಪಡೆ ಬಂತು, ದಂಗೆ ಅಡಗಿತು, ಮುಖಂಡ ವಿಲ್ಲಿಯನ್ನು ಕೊಂದರು. ಯಂತ್ರ ಓಡಿತು ಅನ್ನಬಹುದು. ಯಾರ ಪರವಾಗಿ ಓಡಿತು ಅನ್ನೋದೂ ಕಾಣಿಸಿತು.

ಜಾರಿಯ ವೇಳಾಪಟ್ಟಿಯೂ ಕಾಯ್ದೆಯಲ್ಲೇ ಇತ್ತು. 1803ರ ಮಾರ್ಚ್ 10ಕ್ಕೆ ಹಳೇ ಕೇಂದ್ರ ಸರ್ಕಾರ ವಿಸರ್ಜನೆ, ಏಪ್ರಿಲ್ 15ರೊಳಗೆ ಕ್ಯಾಂಟನ್ ಸಂವಿಧಾನಗಳು ಚಾಲ್ತಿಗೆ, ಜುಲೈ ಮೊದಲ ಸೋಮವಾರ ಫ್ರಿಬೂರ್‌ನಲ್ಲಿ ಮೊದಲ ಸಭೆ. ಹೆಲ್ವೆಟಿಕ್ ಸರ್ಕಾರದ ಸಾಲ ತೀರಿಸಲು ಐವರ ಬೇರೆ ಸಮಿತಿ. ಮೊದಲ ಲಾಂಡಮಾನ್ ಫ್ರಿಬೂರ್‌ನ ಲೂಯಿ ದಾಫ್ರಿ. ಆತನನ್ನು ನೇಮಿಸಿದ್ದು ನೆಪೋಲಿಯನ್, ಅದೂ ಮೊದಲ ಸಭೆ ಸೇರುವವರೆಗೆ ವಿಶೇಷ ಅಧಿಕಾರ ಕೊಟ್ಟು.

ಸುಂಕದಕಟ್ಟೆ:

ಕಲಂ_12 ಅವರ ಲೆಕ್ಕ ಚೆನ್ನಾಗಿದೆ, ತಲೆಗಿಷ್ಟು ಅನ್ನುವ ಭಾಗಾಕಾರ ಇನ್ನೂ ಚೆನ್ನಾಗಿದೆ. ಆದರೆ ಪಠ್ಯ ಮಾತ್ರ ಓದಿದರೆ ನೆಪೋಲಿಯನ್ ಒಬ್ಬ ಒಳ್ಳೆ ಪಂಚಾಯ್ತಿದಾರನ ಹಾಗೆ ಕಾಣ್ತಾನೆ. ಕೇಂದ್ರವನ್ನು ಬೇಕಂತಲೇ ಬಡಕಲು ಮಾಡಿದ್ದು ಯಾಕೆ ಅಂತ ಕೇಳಿ. ಸಂಬಳದ ಸೈನ್ಯ ಇಲ್ಲ, ಸ್ವಂತ ತೆರಿಗೆ ಇಲ್ಲ, ಆದರೆ ಪತ್ರ ಬರೆದರೆ ತೆಗೆದುಕೊಂಡು ಉತ್ತರ ಕೊಡಲು ಒಬ್ಬ ಲಾಂಡಮಾನ್ ಇದ್ದಾನೆ. ಹಿಡಿಕೆ ಇದೆ, ಅಲಗಿಲ್ಲ. ಹಿಡಿಕೆ ಪ್ಯಾರಿಸ್ ಕಡೆಗೆ.

1803ರ ಸೆಪ್ಟೆಂಬರ್ 27ಕ್ಕೆ ಫ್ರಾನ್ಸ್ ಜೊತೆ ಎರಡು ಕಾಗದಕ್ಕೆ ರುಜು ಬಿತ್ತು. ಒಂದು ರಕ್ಷಣಾ ಮೈತ್ರಿ. ಇನ್ನೊಂದರ ಪ್ರಕಾರ ನಾಲ್ಕು ರೆಜಿಮೆಂಟ್, ತಲಾ 4,000, ಒಟ್ಟು 16,000 ಸ್ವಿಸ್ಸರು ಫ್ರೆಂಚ್ ಸೇವೆಗೆ. ಸ್ವಂತ ದೇಶದ ರಕ್ಷಣೆಗೆ ಕಾಯ್ದೆ ಕೊಟ್ಟ ಸಂಖ್ಯೆ 15,203. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಾನು ಬೇರೆ ಹೇಳಬೇಕಿಲ್ಲ. 16,000 ಯಾವತ್ತೂ ತುಂಬಲಿಲ್ಲ. 1812ರಲ್ಲಿ 12,000ಕ್ಕೆ ಇಳಿಸಿದರು, ಅದೇ ವರ್ಷ ನವೆಂಬರಿನಲ್ಲಿ ಆ ನಾಲ್ಕು ರೆಜಿಮೆಂಟುಗಳು ರಷ್ಯಾದ ಬೆರೆಜಿನಾ ನದಿ ದಾಟುವಲ್ಲಿ ಬಹುಮಟ್ಟಿಗೆ ಮುಗಿದುಹೋದವು. ಆಳು ಕೂಡಿಸುವ ಕೆಲಸ ಬಿದ್ದದ್ದು ಯಾರ ಮೇಲೆ? ಕ್ಯಾಂಟನ್‌ಗಳ ಮೇಲೆ. ಕೆಲವು ಕಡೆ ಜೈಲಿನಲ್ಲಿದ್ದವರಿಗೆ, ಪುಂಡರಿಗೆ "ಸೇನೆಗೆ ಸೇರು ಇಲ್ಲ ಶಿಕ್ಷೆ ಅನುಭವಿಸು" ಅಂತ ಆಯ್ಕೆ ಕೊಟ್ಟರು.

ವ್ಯಾಪಾರದ್ದೂ ಇದೇ ಕತೆ. ಫ್ರಾನ್ಸಿನ ಉಪ್ಪು ಕೊಳ್ಳುವ ಕಟ್ಟುಪಾಡು. 1806ರ ನಂತರ ಇಂಗ್ಲಿಷ್ ಸರಕು ತಡೆಯಿರಿ ಅನ್ನುವ ಆಜ್ಞೆ. ಪೂರ್ವದ ಕ್ಯಾಂಟನ್‌ಗಳ ಹತ್ತಿ ನೂಲಿನವರಿಗೆ ಇಂಗ್ಲಿಷ್ ಯಂತ್ರದ ನೂಲಿನ ಪೈಪೋಟಿ ತಪ್ಪಿ ಕೆಲವರಿಗೆ ಲಾಭವಾಯಿತು, ನಿಜ. ಆದರೆ ಫ್ರಾನ್ಸ್ ತನ್ನ ಮಾರುಕಟ್ಟೆಯನ್ನೂ ಸ್ವಿಸ್ ಬಟ್ಟೆಗೆ ಮುಚ್ಚಿತು. ಕಳ್ಳಸಾಗಣೆ ತಡೆಯುತ್ತಿಲ್ಲ ಅಂತ 1810ರಲ್ಲಿ ಇಟಲಿ ರಾಜ್ಯದ ಸೈನ್ಯ ಟಿಚೀನೋಗೆ ನುಗ್ಗಿ ಮೂರು ವರ್ಷ ಕೂತಿತು. ಆಗ ಈ "ಒಕ್ಕೂಟ" ಮಾಡಿದ್ದು ಪ್ರತಿಭಟನೆ ಪತ್ರ ಬರೆದದ್ದು. ವಾಲೆಯನ್ನು 1802ರಲ್ಲಿ ಬೇರೆ ಮಾಡಿ, 1810ರಲ್ಲಿ ಫ್ರಾನ್ಸಿಗೇ ಸೇರಿಸಿಕೊಂಡರು, ಕಾರಣ ಆಲ್ಪ್ಸ್ ದಾಟಿ ಇಟಲಿಗೆ ಹೋಗುವ ಸಿಂಪ್ಲಾನ್ ಕಣಿವೆ ರಸ್ತೆ. ನ್ಯೂಶಾಟೆಲ್ 1806ರಲ್ಲಿ ನೆಪೋಲಿಯನ್ನನ ಮಾರ್ಷಲ್ ಬೆರ್ತಿಯೆಗೆ ಉಡುಗೊರೆ. ಜಿನೀವಾ 1798ರಲ್ಲೇ ಹೋಗಿತ್ತು. ಪ್ಯಾರಿಸ್‌ಗೆ ಬೇಕಾದ ಬಾಗಿಲುಗಳೆಲ್ಲ ಪ್ಯಾರಿಸ್ ಕೈಲಿ. ಉಳಿದ ಮನೆಯಲ್ಲಿ ನೀವು ಒಕ್ಕೂಟ ಮಾಡಿಕೊಳ್ಳಿ!

ಕಲಂ_12:

ಉದ್ದೇಶದ ಬಗ್ಗೆ ತಕರಾರಿಲ್ಲ ಸರ್. ಆದರೆ ಬಡಕಲು ಕೇಂದ್ರ ನೆಪೋಲಿಯನ್ ಒಬ್ಬನಿಗೆ ಬೇಕಾದದ್ದು ಅಂತ ಹೇಳಿದರೆ ಅರ್ಧ ಸತ್ಯ. 1802ರಲ್ಲಿ ದೊಣ್ಣೆ ಹಿಡಿದವರು ಕೇಳಿದ್ದೂ ಅದನ್ನೇ. ಅವರ ಬೇಡಿಕೆ ಕೊಟ್ಟು, ಜೊತೆಗೆ ಅವರು ಯಾವತ್ತೂ ಒಪ್ಪದಿದ್ದದ್ದನ್ನೂ ಸೇರಿಸಿದ: ವೋ, ಆರ್ಗಾವ್ ಬರ್ನ್‌ಗೆ ವಾಪಸ್ ಇಲ್ಲ. ಪ್ಯಾರಿಸ್‌ಗೆ ಹೋದವರು ತಾವೇ ಕೂತು ಮಾತಾಡಿದ್ದರೆ ಈ ಎರಡೂ ಒಂದೇ ಕಾಗದದಲ್ಲಿ ಬರುತ್ತಿರಲಿಲ್ಲ. ಹಳೇ ಪಕ್ಷಕ್ಕೆ ಸ್ವಾಯತ್ತತೆ, ಹೊಸ ಪಕ್ಷಕ್ಕೆ ಸಮಾನತೆ. ಎರಡೂ ಪಕ್ಷಕ್ಕೆ ಅರ್ಧ ಅರ್ಧ ಹೊಟ್ಟೆಯುರಿ. 1804ರ ಆರಂಭಕ್ಕೆ ಫ್ರೆಂಚ್ ಸೈನ್ಯ ಹೋದ ಮೇಲೂ ಹತ್ತು ವರ್ಷ ನಿಂತದ್ದು ಆ ಕಾರಣಕ್ಕೆ. ಲಿಂತ್ ನದಿಗೆ ಹೊಸ ಪಾತ್ರ ತೋಡಿ ಕೊಚ್ಚೆ ಬಯಲು ಒಣಗಿಸುವ ಕೆಲಸ 1807ರಲ್ಲಿ ಶುರುವಾದದ್ದು ಈ ಸಭೆಯ ತೀರ್ಮಾನದಿಂದಲೇ. ಖಜಾನೆಯಲ್ಲಿ ದುಡ್ಡಿಲ್ಲದ್ದಕ್ಕೆ ಷೇರು ಮಾರಿ ಮಾಡಿದರು, ಜ್ಯೂರಿಕ್‌ನ ಎಶರ್ ಎಂಬವರ ಉಸ್ತುವಾರಿಯಲ್ಲಿ. ಬರೀ ಹಿಡಿಕೆಯಾಗಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ಕಾವೇರಿದಡ:

ಸ್ವಲ್ಪ ಪಕ್ಕಕ್ಕೆ ಹೋಗಿ ಒಂದು ಮಾತು. ಸ್ವಿಸ್ ಕೂಲಿ ಸೈನಿಕರು ಅಂದಾಗ ನಮ್ಮ ಶ್ರೀರಂಗಪಟ್ಟಣ ನೆನಪಾಗಬೇಕು. ನ್ಯೂಶಾಟೆಲಿನ ಡಿ ಮ್ಯೂರಾನ್ 1781ರಲ್ಲಿ ಡಚ್ ಕಂಪನಿಗೆಂದು ಕಟ್ಟಿದ ರೆಜಿಮೆಂಟ್ 1795ರಲ್ಲಿ ಸಿಲೋನಿನಲ್ಲಿ ಬ್ರಿಟಿಷರ ಕಡೆ ಸೇರಿತು, 1799ರ ಮುತ್ತಿಗೆಯಲ್ಲಿ ಟಿಪ್ಪುವಿನ ವಿರುದ್ಧ ಹೋರಾಡಿತು. ಕಾವೇರಿ ಪಕ್ಕದ ಗ್ಯಾರಿಸನ್ ಸ್ಮಶಾನದಲ್ಲಿ ಆ ಪಡೆಯವರ ಗೋರಿಗಳಿವೆ. ಇತ್ತ ಟಿಪ್ಪು ಫ್ರೆಂಚರ ನೆರವಿಗೆ ಕಾಯುತ್ತಿದ್ದ. ಅತ್ತ ಅದೇ ವರ್ಷ ಸ್ವಿಟ್ಜರ್ಲೆಂಡಿನ ನೆಲದಲ್ಲಿ ಫ್ರೆಂಚರು, ಆಸ್ಟ್ರಿಯನ್ನರು, ರಷ್ಯನ್ನರು ಹೊಡೆದಾಡುತ್ತಿದ್ದರು. ಸರಿ, ನೀವು ಮುಂದುವರಿಸಿ.

ಓದುಗುಳಿ:

ಇದು ಗೊತ್ತೇ ಇರಲಿಲ್ಲ! ಕೊನೆಯದಾಗಿ ಒಂದು: ನೆಪೋಲಿಯನ್ ಬಿದ್ದ ಮೇಲೆ ಎಲ್ಲ ಹಳೇ ಸ್ಥಿತಿಗೆ ಹೋಯಿತಾ? ಮತ್ತೆ ಬೋಸ್ನಿಯಾದ ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದವನ್ನು ಇದಕ್ಕೆ ಹೋಲಿಸಬಹುದಾ?

ತಕ್ಕಡಿ:

ಬೋಸ್ನಿಯಾ ಮೊದಲು ಮುಗಿಸುತ್ತೇನೆ. ಹೊರಗೆ ಕೂತು ಸಂವಿಧಾನ ಬರೆದದ್ದು ಎರಡಕ್ಕೂ ಸಾಮಾನ್ಯ. 1995ರ ಡೇಟನ್ ಒಪ್ಪಂದದ ನಾಲ್ಕನೇ ಅನುಬಂಧವೇ ಬೋಸ್ನಿಯಾದ ಸಂವಿಧಾನ, ಅದರೊಳಗಿನ ಒಂದು ಭಾಗಕ್ಕೆ ಹತ್ತು ಕ್ಯಾಂಟನ್ ಕೂಡ ಇವೆ. ಮುಖ್ಯ ವ್ಯತ್ಯಾಸ ಎರಡು. ನೆಪೋಲಿಯನ್ ದೂರದಿಂದ ಪತ್ರ ಬರೆಯುತ್ತಿದ್ದ. ಬೋಸ್ನಿಯಾದಲ್ಲಿ ಹೊರಗಿನವರ ಹೈ ರೆಪ್ರೆಸೆಂಟೇಟಿವ್ ಒಳಗೇ ಕೂತಿದ್ದಾನೆ, 1997ರ ಬಾನ್ ಸಭೆಯ ನಂತರ ಕಾನೂನು ಹೇರುವ, ಅಧಿಕಾರಿಗಳನ್ನು ವಜಾ ಮಾಡುವ ಹಕ್ಕೂ ಬಂತು. ಇನ್ನೊಂದು, ಸ್ವಿಸ್ ಕಾಯ್ದೆ ಹುಟ್ಟಿನ ಹಕ್ಕನ್ನು ತೆಗೆಯಿತು. ಡೇಟನ್ ಮೂರು ಜನಾಂಗಗಳಿಗೆ ಹುದ್ದೆ ಕಟ್ಟಿಟ್ಟಿತು. ಯಹೂದಿಯೋ ರೋಮಾ (ಜಿಪ್ಸಿ) ಜನಾಂಗದವನೋ ಅಧ್ಯಕ್ಷ ಮಂಡಳಿಗೆ ನಿಲ್ಲಲಾಗದು ಅನ್ನುವುದು ತಾರತಮ್ಯ ಅಂತ 2009ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ತೀರ್ಪು ಕೊಡಬೇಕಾಯಿತು.

ಈಗ 1813. ಡಿಸೆಂಬರ್ 21ಕ್ಕೆ ಆಸ್ಟ್ರಿಯದ ನೇತೃತ್ವದ ಸೈನ್ಯ ಬಾಸೆಲ್ ಬಳಿ ರೈನ್ ದಾಟಿತು. 29ಕ್ಕೆ ಜ್ಯೂರಿಕ್‌ನಲ್ಲಿ ಸೇರಿದ್ದ ಪ್ರತಿನಿಧಿಗಳು ಮಧ್ಯಸ್ಥಿಕೆ ಕಾಯ್ದೆ ಮುಗಿಯಿತು ಅಂದರು. ಬರ್ನ್ ಕೂಡಲೇ ವೋ, ಆರ್ಗಾವ್ ನಮ್ಮದು, ಕೊಡಿ ಅಂತ ಎದ್ದಿತು. ಆ ಎರಡೂ ಯುದ್ಧಕ್ಕೆ ಸಿದ್ಧ ಎಂದವು. ಅಂದರೆ 1803ರ 3ನೇ ಕಲಮನ್ನು ಕಾಯಲು ನೆಪೋಲಿಯನ್ ಬೇಕಿರಲಿಲ್ಲ, ಹತ್ತು ವರ್ಷ ಸಮಾನರಾಗಿ ಕೂತು ರೂಢಿಯಾದವರೇ ಕಾದರು.

ಹೊರಗಿನ ಕೈ ಮಾತ್ರ ತಪ್ಪಲಿಲ್ಲ. ರಷ್ಯಾದ ಚಕ್ರವರ್ತಿ ಅಲೆಕ್ಸಾಂಡರನಿಗೆ ಬಾಲ್ಯದಲ್ಲಿ ಪಾಠ ಹೇಳಿದವನು ಹಳೇಕಡತ ಅವರು ಹೇಳಿದ ಅದೇ ವೋ ಸೀಮೆಯ ಲಾ ಆರ್ಪ್. ಗುರುವಿನ ಊರು ಕೈಬಿಡಲು ಶಿಷ್ಯ ಒಪ್ಪಲಿಲ್ಲ. ಅವನ ದೂತ ಕಾಪೋದಿಸ್ತ್ರಿಯಾ ಜ್ಯೂರಿಕ್‌ನಲ್ಲಿ ಕೂತು 19 ಕ್ಯಾಂಟನ್ ಉಳಿಯಲೇಬೇಕು ಅಂತ ಹಿಡಿದ. 1814ರ ಏಪ್ರಿಲಿನಲ್ಲಿ ಸೇರಿದ ಸಭೆ 1815ರ ಆಗಸ್ಟ್‌ವರೆಗೂ ಏಳಲಿಲ್ಲ, ಹೆಸರೇ "ಉದ್ದ ಸಭೆ". 1803ರ ಕಾಯ್ದೆ ಅಧಿವೇಶನಕ್ಕೆ ಕೊಟ್ಟ ಗಡುವು ಒಂದು ತಿಂಗಳು ಅನ್ನೋದು ನೆನಪಿರಲಿ. ವಾಲೆ, ನ್ಯೂಶಾಟೆಲ್, ಜಿನೀವಾ ಸೇರಿ 22 ಆಯಿತು. ಬರ್ನ್ ಬಾಯಿ ಮುಚ್ಚಿಸಲು ವಿಯೆನ್ನಾದಲ್ಲಿ ಸಭೆ ಸೇರಿದ್ದ ಯುರೋಪಿನ ರಾಜ್ಯಗಳು ಬಾಸೆಲ್ ಬಿಷಪ್ಪನ ಜುರಾ ಸೀಮೆಯನ್ನು ಅದಕ್ಕೆ ಕಟ್ಟಿದರು. ಫ್ರೆಂಚ್ ಮಾತಿನ, ಬಹುಪಾಲು ಕ್ಯಾಥೊಲಿಕ್ ಸೀಮೆಯನ್ನು ಜರ್ಮನ್ ಮಾತಿನ ಪ್ರಾಟೆಸ್ಟೆಂಟ್ ಕ್ಯಾಂಟನ್ನಿಗೆ ಕಟ್ಟಿದ್ದರ ಜಗಳ 1979ರಲ್ಲಿ ಜುರಾ ಬೇರೆ ಕ್ಯಾಂಟನ್ ಆಗುವವರೆಗೂ ಎಳೆಯಿತು, ಆಮೇಲೂ ಪೂರ್ತಿ ಮುಗಿಯಲಿಲ್ಲ. ನ್ಯೂಶಾಟೆಲ್ ಇನ್ನೂ ವಿಚಿತ್ರ: ಕ್ಯಾಂಟನ್ ಹೌದು, ಒಡೆಯ ಮಾತ್ರ ಪ್ರಷ್ಯದ ರಾಜ.

1815ರ ಒಪ್ಪಂದ 1803ಕ್ಕಿಂತ ಸಡಿಲ. ಎಲ್ಲರಿಗೂ ಒಂದೊಂದೇ ಮತ, ಎಲ್ಲಿ ಬೇಕಾದರೂ ನೆಲೆಸುವ ಹಕ್ಕು ಬಿದ್ದುಹೋಯಿತು, ಲಾಂಡಮಾನ್ ಹುದ್ದೆ ರದ್ದು. ಮುಖ್ಯ ಕ್ಯಾಂಟನ್ ಮೂರೇ: ಜ್ಯೂರಿಕ್, ಬರ್ನ್, ಲುಸರ್ನ್, ಎರಡೆರಡು ವರ್ಷ. ಗಟ್ಟಿಯಾದದ್ದು ಸೈನ್ಯದ ಪಾಲು ಒಂದೇ, ನೂರು ಜನರಿಗೆ ಇಬ್ಬರು. ನಿಜವಾದ ಒಕ್ಕೂಟ ಸರ್ಕಾರ ಬರೋದು 1847ರ ಅಂತರ್ಯುದ್ಧದ ನಂತರ, 1848ರ ಸಂವಿಧಾನದಲ್ಲಿ. ಆಗ ಹೊರಗಿನ ಶಕ್ತಿಗಳು ತಮ್ಮ ತಮ್ಮ ಕ್ರಾಂತಿಗಳನ್ನು ನೋಡಿಕೊಳ್ಳುವುದರಲ್ಲಿ ಮುಳುಗಿದ್ದವು, ಕೈ ಹಾಕಲು ಪುರಸೊತ್ತಿರಲಿಲ್ಲ.

ಇಷ್ಟೆಲ್ಲದರ ನಡುವೆ ಅಲುಗದೆ ಉಳಿದದ್ದು ಕಲಂ_12 ಹೇಳಿದ ಚಾನ್ಸಲರ್ ಕುರ್ಚಿ. ವೋ ಸೀಮೆಯ ಮಾರ್ಕ್ ಮೂಸೋ 1798ರಲ್ಲಿ ಹೆಲ್ವೆಟಿಕ್ ನಿರ್ದೇಶಕರ ಮಂಡಳಿಗೆ ಪ್ರಧಾನ ಕಾರ್ಯದರ್ಶಿ, 1803ರಲ್ಲಿ ಒಕ್ಕೂಟದ ಚಾನ್ಸಲರ್, 1815ರ ನಂತರವೂ ಅವನೇ. ಎರಡು ವರ್ಷಕ್ಕೊಮ್ಮೆ ಕಚೇರಿ ಮುಂದಿನ ಮುಖ್ಯ ಕ್ಯಾಂಟನ್ನಿಗೆ ಹೊರಟಾಗ ಅವನೂ ಜೊತೆಗೆ ಹೊರಡುತ್ತಿದ್ದ. 1830ರವರೆಗೆ ಆ ಕೆಲಸ ಬಿಡಲಿಲ್ಲ.